ಡ್ಯೂಟಿಗೆ ಹೊರಟವರಿಗೊಂದು ಬಹಿರಂಗ ಪತ್ರ

ಶೆಟಗೇರಿಯ, ಅಂಕೋಲೆ–ಕಾರವಾರ ಸೀಮೆಯ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಹಲವರು ಈಗಷ್ಟೇ ನೌಕರಿಗೆ ಸೇರುತ್ತಿದ್ದೀರಿ. ಕೆಲವರು ಶಾಲೆಗೆ ಮಾಸ್ತರಾಗಿ, ಅಕ್ಕೋರಾಗಿ. ಕೆಲವರು ತಾಲೂಕು ಕಚೇರಿಗೆ, ಆಸ್ಪತ್ರೆಗೆ, ಪೊಲೀಸ್ ಠಾಣೆಗೆ. ಇನ್ನು ಕೆಲವರು ಕೈಗಾದ ಅಣು ವಿದ್ಯುತ್ ಸ್ಥಾವರಕ್ಕೆ, ಅರಗಾದ ನೌಕಾನೆಲೆಗೆ. ನಿಮ್ಮ ಮನೆಯಲ್ಲಿ ಇನ್ನು ದಿನವೂ ಕೇಳುವ ಮಾತು ‘ಡ್ಯೂಟಿ’. ಆ ಮಾತಿಗೆ ನಮ್ಮ ಸೀಮೆಯಲ್ಲಿ ದೊಡ್ಡ ಚರಿತ್ರೆಯಿದೆ. ಅದನ್ನು ತಿಳಿಸಲೆಂದೇ ಈ ಪತ್ರ.

ಕನ್ನಡದಲ್ಲಿ ಡ್ಯೂಟಿಗೆ ಎಷ್ಟು ಅರ್ಥ ನೋಡಿ. ನರ್ಸಿಗೆ ‘ನೈಟ್ ಡ್ಯೂಟಿ’ ಎಂದರೆ ಪಾಳಿ. ಮಾಸ್ತರರಿಗೆ ‘ಎಲೆಕ್ಷನ್ ಡ್ಯೂಟಿ’ ಎಂದರೆ ತಪ್ಪಿಸಿಕೊಳ್ಳಲಾಗದ ಹೊಣೆ. ಜಮೀನು ಕೊಂಡವರಿಗೆ ‘ಸ್ಟಾಂಪ್ ಡ್ಯೂಟಿ’ ಎಂದರೆ ಸರ್ಕಾರಕ್ಕೆ ಕಟ್ಟುವ ಶುಲ್ಕ. ಪಾಳಿ, ಹೊಣೆ, ಸುಂಕ, ಮೂರಕ್ಕೂ ಒಂದೇ ಹೆಸರು. ಇದರ ಮೂಲ ಲ್ಯಾಟಿನ್ನಿನ ‘ದೆಬೆರೆ’, ಅಂದರೆ ಇನ್ನೊಬ್ಬರಿಗೆ ಬಾಕಿ ಇರುವುದು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಸಾಲ ಎಂಬರ್ಥದ ‘ಡೆಟ್’, ಬಾಕಿ ಎಂಬರ್ಥದ ‘ಡ್ಯೂ’ ಇದರ ಒಡಹುಟ್ಟುಗಳು. ನಮ್ಮ ಹಿರಿಯರು ಇದನ್ನೇ ಋಣ ಎಂದರು. ಆದ್ದರಿಂದ ಡ್ಯೂಟಿ ಎಂದಾಗಲೆಲ್ಲ ಏಳಬೇಕಾದ ಪ್ರಶ್ನೆ: ಯಾರ ಋಣ? ಯಾರಿಗೆ ಸಲ್ಲಬೇಕು?

ಈ ಪ್ರಶ್ನೆಯನ್ನು ಅಂಕೋಲೆ 1930ರಲ್ಲಿ ಸಾರ್ವಜನಿಕವಾಗಿಯೇ ಕೇಳಿತು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಮನೆಯೆದುರಿಗೇ ಕಡಲಿದ್ದರೂ ಉಪ್ಪು ಮಾಡಿಕೊಳ್ಳುವುದು ಅಪರಾಧ. ಮಣ ಉಪ್ಪಿಗೆ ಒಂದೂಕಾಲು ರೂಪಾಯಿ ಸುಂಕ. ಬ್ರಿಟಿಷರ ಕಾಗದಪತ್ರಗಳಲ್ಲಿ ಆ ಸುಂಕದ ಹೆಸರು ‘ಸಾಲ್ಟ್ ಡ್ಯೂಟಿ’. ಬಡವನ ಗಂಜಿಗೂ ಶ್ರೀಮಂತನ ಪಾಯಸದೂಟಕ್ಕೂ ಒಂದೇ ದರ. ದುಡಿದು ಬೆವರು ಸುರಿಸುವವನಿಗೆ ಉಪ್ಪು ಹೆಚ್ಚು ಬೇಕು. ಹಾಗಾಗಿ ಅದರ ಭಾರವೂ ಅವನ ಮೇಲೆಯೇ ಹೆಚ್ಚು.

ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಕರ್ನಾಟಕದಲ್ಲಿ ಆ ಸತ್ಯಾಗ್ರಹಕ್ಕೆ ಆಯ್ಕೆಯಾದ ಊರು ಅಂಕೋಲೆ. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರು ಇಲ್ಲಿ ಕಾನೂನು ಮುರಿದರು. ಸಾವಿರಾರು ಜನ ನೆರೆದಿದ್ದರು. ಸುಂಕ ಕೊಡದೆ ತಯಾರಿಸಿದ ಉಪ್ಪನ್ನು ಪೊಟ್ಟಣ ಕಟ್ಟಿ ಅಲ್ಲೇ ಹರಾಜು ಹಾಕಿದರು. ಮೊದಲ ಪೊಟ್ಟಣ ಕೊಂಡವರು ರೇವು ಹೊನ್ನಪ್ಪ ನಾಯಕರು. ಒಂದು ಹಿಡಿ ಉಪ್ಪನ್ನು ಕೊಳ್ಳುವುದೂ ಜೈಲಿಗೆ ದಾರಿಯಾಗಬಹುದಿದ್ದ ಕಾಲವದು. ಅಂದು ಕಡಲತಡಿಯಲ್ಲಿ ಡ್ಯೂಟಿಯ ಎರಡು ಅರ್ಥಗಳು ಎದುರುಬದುರಾದವು. ಸುಂಕವೆಂಬ ಡ್ಯೂಟಿಯನ್ನು ನಿರಾಕರಿಸುವುದೇ ಹೊಣೆಯೆಂಬ ಡ್ಯೂಟಿಯಾಯಿತು. ಲಾಠಿ ಹಿಡಿದು ಬಂದವರೂ ತಾವು ಡ್ಯೂಟಿಯ ಮೇಲಿದ್ದೇವೆ ಎಂದೇ ನಂಬಿದ್ದರು.

ಅಲ್ಲಿಗೇ ನಿಲ್ಲಲಿಲ್ಲ. ಶೆಟಗೇರಿಯಂಥ ಗದ್ದೆಬಯಲಿನ ಹಳ್ಳಿಗಳಿರುವ ಈ ತಾಲೂಕು ಕರನಿರಾಕರಣೆಗೆ ಇಳಿಯಿತು. ಭೂಕಂದಾಯ ಕಟ್ಟಲೊಪ್ಪದ ರೈತರ ಜಮೀನು ಜಪ್ತಾಯಿತು, ದನಕರು ಹರಾಜಾದವು. ಅನೇಕರು ಸೆರೆಮನೆ ಕಂಡರು. ಮನೆಯ ಗಂಡಸರು ಜೈಲಿನಲ್ಲಿದ್ದಾಗ ಮಕ್ಕಳಿಗೆ ಗಂಜಿ ಹೊಂದಿಸಿದ ಹೆಂಗಸರ ತ್ಯಾಗವನ್ನು ಇದಕ್ಕಿಂತ ಕಡಿಮೆಯೆನ್ನಲಾಗದು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆಯೇ ಕಳೆದುಹೋದ ಜಮೀನು ಮರಳಿಸುವ ಪ್ರಯತ್ನ ನಡೆದದ್ದು. ಉಪ್ಪಿನ ಸುಂಕ ರದ್ದಾದದ್ದು 1947ರಲ್ಲಿ.

ಸ್ವತಂತ್ರ ಭಾರತದಲ್ಲೂ ಈ ಕರಾವಳಿ ಕೊಡುತ್ತಲೇ ಬಂತು. 1986ರಲ್ಲಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ಕಡಲತಡಿಯನ್ನು ದೇಶಕ್ಕಾಗಿ ಬಿಟ್ಟುಕೊಟ್ಟವು. ದೇಶದ ಋಣವನ್ನು ಅವರು ತೀರಿಸಿದರು. ಆದರೆ ತಮಗೆ ಸಲ್ಲಬೇಕಾದ ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದರು. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ನೋಟಿಸು, ಹಳೇ ರಶೀದಿಗಳನ್ನು ಜೋಪಾನವಾಗಿ ಸುತ್ತಿಕೊಂಡು, ಮೊದಲ ಬಸ್ಸಿಗೇ ಬಂದು ಕಚೇರಿಯ ಬಾಗಿಲಲ್ಲಿ ಕಾಯುವ ಮುದುಕರನ್ನು ನೀವೂ ನೋಡಿದ್ದೀರಿ. ಅವರಿಗೆ ಸಿಗುವ ಉತ್ತರವೂ ನಿಮಗೆ ಗೊತ್ತು: ‘ಸಾಹೇಬ್ರು ಬೇರೆ ಡ್ಯೂಟಿ ಮೇಲೆ ಹೋಗಿದಾರೆ, ನಾಳೆ ಬನ್ನಿ.’ ಋಣ ತೀರಿಸಲೆಂದೇ ಇರುವ ಮಾತು ಋಣ ಮುಂದೂಡುವ ನೆಪವಾಗುವುದು ನನ್ನ ಪಾಲಿಗೆ ಅತ್ಯಂತ ನೋವಿನ ಸಂಗತಿ.

ತಮ್ಮಂದಿರೇ, ತಂಗಿಯರೇ, ನಾಳೆ ಆ ಮೇಜಿನ ಹಿಂದೆ ಕೂರುವವರು ನೀವು. ಎದುರಿಗೆ ನಿಂತವರನ್ನು ಮೊದಲು ಕೂರಿಸಿ. ಅವರ ಕಾಗದ ಓದಿ. ಕೆಲಸ ಆಗುವುದಾದರೆ ಅಂದೇ ಮಾಡಿಕೊಡಿ. ಆಗದಿದ್ದರೆ ಏಕೆಂದು, ಎಲ್ಲಿಗೆ ಹೋಗಬೇಕೆಂದು ಚೀಟಿಯಲ್ಲಿ ಬರೆದುಕೊಡಿ. ‘ಅದು ನನ್ನ ಡ್ಯೂಟಿಯಲ್ಲ’ ಎಂಬ ಮಾತು ನಿಮ್ಮ ಬಾಯಿಂದ ಬಾರದಿರಲಿ. ಮಾಸ್ತರಾದವರು, ಅಕ್ಕೋರಾದವರು ಏಪ್ರಿಲ್ 13ರ ಕತೆಯನ್ನು ಮಕ್ಕಳಿಗೆ ಹೇಳಿ. ಜಮೀನು ಕಳೆದುಕೊಂಡ ನಿಮ್ಮೂರ ಮನೆತನಗಳ ಹೆಸರನ್ನು ಆ ಮಕ್ಕಳಿಂದಲೇ ಬರೆಸಿಡಿ. ಆ ನೆನಪುಳ್ಳ ಹಿರಿಯರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ.

ನಿಮ್ಮ ಸಂಬಳ ಬರುವುದು ಜನ ಕಟ್ಟುವ ತೆರಿಗೆಯಿಂದ. ಅವರು ತಮ್ಮ ಪಾಲಿನ ಡ್ಯೂಟಿಯನ್ನು ಕಟ್ಟಿಯಾಗಿದೆ. ಇನ್ನು ನಿಮ್ಮ ಪಾಲಿನದನ್ನು ಸಲ್ಲಿಸಿ.

ಇತಿ ನಿಮ್ಮ ಶ್ರೇಯಸ್ಸು ಬಯಸುವ,
ನಿಮ್ಮದೇ ಸೀಮೆಯ ಹಿರಿಯ