ಸುರಿನಿವಾಸು ಸಾಮಾ

ನರಿತಾ ವಿಮಾನ ನಿಲ್ದಾಣದಲ್ಲಿ ಇಳಿದ ದಿನವೇ ಕೈಗೊಂದು ನಿವಾಸ ಕಾರ್ಡು ಕೊಟ್ಟರು. ಅದರಲ್ಲಿ ಫೋಟೊ ಇದೆ, ಹೆಸರಿದೆ, ಹುಟ್ಟಿದ ದಿನವಿದೆ, ಒಳಗೆ ಚಿಪ್ಪೂ ಇದೆ. ಸದಾ ಜೇಬಿನಲ್ಲಿರಬೇಕು, ಪೊಲೀಸರು ಕೇಳಿದರೆ ತೋರಿಸಬೇಕು. ಹದಿನಾಲ್ಕು ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ಅದರ ಬೆನ್ನಿಗೆ ವಿಳಾಸ ಬರೆಸಿಕೊಳ್ಳಬೇಕು. ಎಲ್ಲ ಮಾಡಿದೆ. ಒಂದು ದೇಶ ನನ್ನನ್ನು ಇಷ್ಟು ನಂಬಿತಲ್ಲ ಎಂದು ಎದೆ ಉಬ್ಬಿತು.

ನಂಬಿದ್ದು ಸರ್ಕಾರ ಮಾತ್ರ. ಮೊಬೈಲ್ ಅಂಗಡಿಗೆ ಆ ಸುದ್ದಿ ಮುಟ್ಟಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಅಂಗಡಿಯ ಹುಡುಗಿ ಕಾರ್ಡನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ತೆಗೆದುಕೊಂಡಳು. ಹಿಂದೆ ಮುಂದೆ ನೋಡಿದಳು. ಬಿಲ್ಲು ಕಟ್ಟಲು ಜಪಾನಿನ ಬ್ಯಾಂಕ್ ಖಾತೆ ಬೇಕು, ಇಲ್ಲವೇ ಕ್ರೆಡಿಟ್ ಕಾರ್ಡು ಬೇಕು ಅಂದಳು. ಭಾರತದ ಕ್ರೆಡಿಟ್ ಕಾರ್ಡು ತೋರಿಸಿದೆ. ಅವಳ ಮುಖದಲ್ಲಿ ನನ್ನ ಬಗ್ಗೆ ನಿಜವಾದ ದುಃಖ ಮೂಡಿತು. ‘ಸ್ವಲ್ಪ ಕಷ್ಟ’ ಅಂದಳು. ಜಪಾನಿನಲ್ಲಿ ‘ಸ್ವಲ್ಪ ಕಷ್ಟ’ ಎಂದರೆ ಏಳೇಳು ಜನ್ಮಕ್ಕೂ ಇಲ್ಲ ಎಂದರ್ಥ.

ಬ್ಯಾಂಕಿಗೆ ಹೋದೆ. ಖಾತೆ ತೆರೆಯಲು ಏನು ಬೇಕು? ಜಪಾನಿನ ಫೋನ್ ನಂಬರು.

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ನಮ್ಮ ಹಿರಿಯರು ಟೋಕಿಯೊ ನೋಡದೆಯೇ ಈ ಗಾದೆ ಕಟ್ಟಿದ್ದಾರೆ.

ಕೊನೆಗೆ ಆಫೀಸಿನಲ್ಲೊಬ್ಬರು ಗುಟ್ಟು ಹೇಳಿಕೊಟ್ಟರು. ಫಾರಂನಲ್ಲಿ ಕಂಪನಿಯ ನಂಬರು ಬರೆಯಿರಿ, ಸಾಕು. ಬರೆದೆ. ಬ್ಯಾಂಕು ಒಪ್ಪಿತು. ಆ ನಂಬರಿಗೆ ಕರೆ ಮಾಡಿದರೆ ಎತ್ತುವವನು ಕೆಳಗಿನ ಮಹಡಿಯ ಕಾವಲುಗಾರ. ನಾನು ಯಾರೆಂದು ಅವನಿಗೆ ಈಗಲೂ ಗೊತ್ತಿಲ್ಲ. ಭದ್ರತೆ ಪಾಲನೆಯಾಯಿತು.

ಇದಕ್ಕೂ ಮೊದಲು ಬೇರೊಂದು ಬ್ಯಾಂಕು ನನ್ನನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಿತ್ತು. ಬಂದು ಆರು ತಿಂಗಳಾಗಿಲ್ಲ, ಹಾಗಾಗಿ ನೀವು ನಿವಾಸಿಯಲ್ಲ. ಇದರ ಮೂಲ 1949ರ ವಿದೇಶಿ ವಿನಿಮಯ ಕಾನೂನು. ಆ ಕಾನೂನಿನ ಪ್ರಕಾರ ಇಲ್ಲಿನ ಕಚೇರಿಯಲ್ಲಿ ನೌಕರಿ ಇರುವ ವಿದೇಶಿ ಬಂದ ದಿನದಿಂದಲೇ ನಿವಾಸಿ. ಆರು ತಿಂಗಳ ಲೆಕ್ಕ ನೌಕರಿ ಇಲ್ಲದವರಿಗೆ. ಕೌಂಟರಿನವರಿಗೆ ಎರಡನೆಯ ಅರ್ಧ ಮಾತ್ರ ಬಾಯಿಪಾಠ. ಆರೋಗ್ಯ ವಿಮೆಯ ಕಂತು, ಪಿಂಚಣಿಯ ವಂತಿಗೆ ಮಾತ್ರ ಮೊದಲ ಸಂಬಳದಿಂದಲೇ ಮುರಿದುಕೊಂಡರು. ಕೊಡುವಾಗ ನಾನು ನಿವಾಸಿ, ಕೇಳುವಾಗ ಪ್ರವಾಸಿ.

ಒಂದು ಮಾತು ಒಪ್ಪಲೇಬೇಕು. ಇಲ್ಲಿ ಯಾರೂ ಗದರುವುದಿಲ್ಲ. ನಮ್ಮೂರಿನ ಗುಮಾಸ್ತ ತಲೆ ಎತ್ತದೆ ‘ಆಗಲ್ಲ’ ಅನ್ನುತ್ತಾನೆ. ಇಲ್ಲಿಯವನು ತಲೆ ತಗ್ಗಿಸಿ ‘ಆಗುವುದಿಲ್ಲ’ ಅನ್ನುತ್ತಾನೆ. ಎರಡೂ ಕಡೆ ಮುಖ ಕಾಣುವುದಿಲ್ಲ.

ಫೋನಿಗೆ ಇಷ್ಟೊಂದು ಬಿಗಿ ಯಾಕೆ ಎಂದು ಕೇಳಿದೆ. ಕಾರಣ ಘನವಾದದ್ದೇ. ಮುದುಕಿಯರಿಗೆ ಫೋನ್ ಮಾಡಿ ‘ನಾನು, ನಾನೇ’ ಎಂದು ಮೊಮ್ಮಗನಂತೆ ಗೋಳಾಡಿ ದುಡ್ಡು ಕೀಳುವ ದಂಧೆ ಇಲ್ಲಿದೆ. ಅದಕ್ಕೆ ‘ಓರೆ ಓರೆ’ ವಂಚನೆ ಎಂದು ಹೆಸರು. ಹೆಸರಿಲ್ಲದ ಮೊಬೈಲ್‌ಗಳಿಂದ ಇಂಥ ಕರೆ ಹೋಗುತ್ತಿದ್ದವೆಂದು 2005ರಲ್ಲಿ ಕಾನೂನು ತಂದು ಗುರುತಿನ ತಪಾಸಣೆ ಕಡ್ಡಾಯ ಮಾಡಿದರು. ಒಳ್ಳೆಯದೇ. ಆದರೆ ಆ ವಂಚಕರು ಮೊಮ್ಮಗನ ದನಿಯಲ್ಲಿ ಅಚ್ಚ ಜಪಾನಿ ಆಡುವವರು. ನನ್ನ ಜಪಾನಿ ಕೇಳಿ ಯಾವ ಅಜ್ಜಿಯೂ ಮೋಸ ಹೋಗುವುದಿಲ್ಲ. ನಕ್ಕು ಸಾಯಬಹುದು, ಅಷ್ಟೆ.

ಈಗ ಹೆಸರಿನ ಕಥೆ.

ಪಾಸ್‌ಪೋರ್ಟಿನಲ್ಲಿ ನನ್ನ ಮನೆತನದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರಿದೆ, ನಮ್ಮ ಕಡೆಯ ಬಹುಪಾಲು ಜನರಿಗೆ ಇರುವಂತೆ. ಶ್ರೀನಿವಾಸ. ಜಪಾನಿನಲ್ಲಿ ವಿದೇಶಿ ಹೆಸರುಗಳನ್ನು ಕತಕಾನಾ ಲಿಪಿಯಲ್ಲಿ ಬರೆಯುತ್ತಾರೆ. ಅದಕ್ಕೆ ಒತ್ತಕ್ಷರದ ಗಂಧವಿಲ್ಲ. ವ್ಯಂಜನಕ್ಕೊಂದು ಸ್ವರದ ಬಾಲ ಇರಲೇಬೇಕು. ಸರ್ಕಾರಿ ಕಾರ್ಡಿನಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುವುದರಿಂದ ಕತಕಾನಾದಲ್ಲಿ ಹೇಗೆ ಬರೆಯಬೇಕು ಎಂಬುದು ಎದುರಿಗೆ ಕೂತವರ ಆ ಹೊತ್ತಿನ ಪ್ರತಿಭೆಗೆ ಬಿಟ್ಟದ್ದು. ಬ್ಯಾಂಕಿನಲ್ಲಿ ಸುರಿನಿವಾಸು ಸಾಮಾ ಆದೆ, ಸಾಮಾ ಅಂದರೆ ಶ್ರೀಯುತರು. ಮೊಬೈಲ್ ಅಂಗಡಿಯಲ್ಲಿ ಶುರಿನಿವಾಸು. ಇಂಟರ್ನೆಟ್ ಕಂಪನಿಯಲ್ಲಿ ಶುರಿನಿಬಾಸು.

ಜಪಾನಿಯಲ್ಲಿ ‘ಸುರಿ’ ಎಂದರೆ ಜೇಬುಗಳ್ಳ. ಮೂವತ್ತು ವರ್ಷ ಮೇಷ್ಟರಾಗಿದ್ದ ನಮ್ಮಪ್ಪ ಟೋಕಿಯೊದ ದಾಖಲೆಯಲ್ಲಿ ಜೇಬುಗಳ್ಳರ ನಿವಾಸ. ಬ್ಯಾಂಕಿನವರಿಗೆ ಅನುಮಾನ ಬಂದದ್ದು ಬಹುಶಃ ಇದಕ್ಕೇ.

ಫೋನಿನ ಬಿಲ್ಲು ಬ್ಯಾಂಕಿನಿಂದ ತಾನಾಗಿ ಕಟ್ಟಾಗಬೇಕಾದರೆ ಎರಡೂ ಕಡೆ ಹೆಸರು ಅಕ್ಷರಕ್ಕಕ್ಷರ ಹೊಂದಬೇಕು. ಸು ಮತ್ತು ಶು ಒಂದೇ ಮನುಷ್ಯ ಎಂದು ಕಂಪ್ಯೂಟರಿಗೆ ಯಾರು ಹೇಳಬೇಕು? ಅರ್ಜಿ ವಾಪಸು ಬಂತು. ಮತ್ತೆ ತುಂಬಿದೆ. ಈ ಸಲ ಅಕ್ಷರದ ಅಗಲ ಸರಿಯಿಲ್ಲ ಅಂದಿತು ವೆಬ್‌ಸೈಟು. ಹೌದು, ಅಗಲ. ಇಲ್ಲಿ ಕಂಪ್ಯೂಟರಿನ ಅಕ್ಷರಗಳಿಗೆ ಪೂರ್ಣ ಅಗಲ, ಅರ್ಧ ಅಗಲ ಎಂಬ ಜಾತಿಗಳಿವೆ. ಒಂದರ ಪಂಕ್ತಿಯಲ್ಲಿ ಇನ್ನೊಂದು ಕೂತರೆ ಮೈಲಿಗೆ. ಮನೆಯ ನಂಬರಿನ ನಡುವಿನ ಒಂದು ಅಡ್ಡಗೆರೆ ಅರ್ಧ ಅಗಲದ್ದಾಗಿತ್ತು. ಇಡೀ ಫಾರಂ ಅಳಿಸಿಹೋಯಿತು. ಮಡಿ ವಿಷಯದಲ್ಲಿ ನಮ್ಮಜ್ಜಿ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಜೊತೆಗೆ ಹಾಂಕೊ ಎಂಬ ಮೊಹರು. ಆ ಬ್ಯಾಂಕಿನಲ್ಲಿ ನನ್ನ ಸಹಿ ನಡೆಯಲಿಲ್ಲ. ಸಹಿಯನ್ನು ಯಾರು ಬೇಕಾದರೂ ನಕಲು ಮಾಡಬಹುದಂತೆ. ತನಾಕಾ, ಸುಜುಕಿಗಳ ಹೆಸರಿನ ಸಿದ್ಧ ಮೊಹರುಗಳು ನೂರು ಯೆನ್ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ. ಯಾರು ಬೇಕಾದರೂ ಕೊಳ್ಳಬಹುದು. ಅದನ್ನು ನಕಲು ಎಂದು ಯಾರೂ ಕರೆಯುವುದಿಲ್ಲ. ನನ್ನ ಹೆಸರಿನದು ಅಲ್ಲಿ ಸಿಗದ ಕಾರಣ ದುಡ್ಡು ಕೊಟ್ಟು ಕೆತ್ತಿಸಿದೆ. ಜಾಗ ಸಾಲದೆ ‘ಸುರಿ’ ಅಂತ ಮಾತ್ರ ಬಂತು.

ಈ ದೇಶ 1994ರಲ್ಲಿ ಕ್ಯೂಆರ್ ಕೋಡ್ ಕಂಡುಹಿಡಿಯಿತು. 1999ರಲ್ಲೇ ಮೊಬೈಲಿನಲ್ಲಿ ಇಂಟರ್ನೆಟ್ ಕೊಟ್ಟಿತು. ಅದೇ ದೇಶದಲ್ಲಿ 2018ರಲ್ಲಿ ಸೈಬರ್ ಭದ್ರತೆಯ ಹೊಣೆ ಹೊತ್ತ ಸಚಿವ ಯೊಶಿತಾಕಾ ಸಕುರಾದಾ ಅವರು, ತಾವು ಕಂಪ್ಯೂಟರ್ ಬಳಸುವುದಿಲ್ಲ, ಎಲ್ಲ ಕೆಲಸ ಸಿಬ್ಬಂದಿಗೆ ಹೇಳಿ ಮಾಡಿಸುತ್ತೇನೆ ಎಂದು ಸಂಸತ್ತಿಗೇ ತಿಳಿಸಿದರು. ಮರುವರ್ಷ ಐಟಿ ಸಚಿವರಾದ ನಾವೊಕಾಜು ತಕೆಮೊಟೊ ಅವರು ಹಾಂಕೊ ಉಳಿಸುವ ಸಂಸದರ ಕೂಟದ ಮುಖ್ಯಸ್ಥರಾಗಿದ್ದರು. ಫ್ಲಾಪಿ ಕೇಳುವ ಸಾವಿರಕ್ಕೂ ಹೆಚ್ಚು ಸರ್ಕಾರಿ ನಿಯಮಗಳು ರದ್ದಾದದ್ದು 2024ರಲ್ಲಿ. ಇಷ್ಟು ತಿಳಿದ ಮೇಲೆ ನನ್ನ ಅಡ್ಡಗೆರೆಯ ಬಗ್ಗೆ ದೂರುವುದು ನಾಚಿಕೆಗೇಡು.

ಇಂಟರ್ನೆಟ್ಟಿನದು ಇನ್ನೊಂದು ಪುರಾಣ. ತಂತಿ ಒಂದು ಕಂಪನಿಯದು, ಅದರೊಳಗೆ ಹರಿಯುವುದು ಇನ್ನೊಂದು ಕಂಪನಿಯದು. ಎರಡಕ್ಕೂ ಕರಾರು. ಮನೆಯ ಮಾಲೀಕರ ಒಪ್ಪಿಗೆ ಬೇರೆ, ಗೋಡೆಗೆ ತೂತು ಬಿದ್ದರೆ? ನಾನು ಬಂದದ್ದು ಮಾರ್ಚಿನ ಕೊನೆಗೆ. ಏಪ್ರಿಲ್‌ನಲ್ಲಿ ಇಲ್ಲಿ ಶಾಲೆ, ಕಚೇರಿ, ಲೆಕ್ಕದ ವರ್ಷ ಎಲ್ಲ ಒಟ್ಟಿಗೆ ಶುರು. ಇಡೀ ದೇಶ ಒಂದೇ ಸಲ ಮನೆ ಬದಲಿಸುತ್ತದೆ. ಐದು ವಾರ ಕಾಯಿರಿ ಅಂದರು. ಹೇಳಿದ ದಿನ, ಹೇಳಿದ ನಿಮಿಷಕ್ಕೆ ಒಬ್ಬ ಬಂದ. ಬೂಟು ಕಳಚಿಟ್ಟ. ತಾನೇ ತಂದ ಬಟ್ಟೆ ಹಾಸಿ ಅದರ ಮೇಲೆ ಹತಾರ ಜೋಡಿಸಿದ. ಇದ್ದ ಕೊಳವೆಯಲ್ಲೇ ತಂತಿ ತೂರಿಸಿದ. ಇಪ್ಪತ್ತೇ ನಿಮಿಷ. ಬಿದ್ದ ಧೂಳನ್ನು ಒರೆಸಿ, ಬಾಗಿ ವಂದಿಸಿ ಹೋದ. ಇಂಥ ಕೆಲಸಗಾರ ಇರುವ ದೇಶದಲ್ಲಿ ಆ ಫಾರಂ ಬರೆದವನು ಎಲ್ಲಿಂದ ಬಂದ?

ಇಂಟರ್ನೆಟ್ ಮಾತ್ರ ಬರಲಿಲ್ಲ. ಅದರ ಪಾಸ್‌ವರ್ಡು ಅಂಚೆಯಲ್ಲಿ ಬರಬೇಕಿತ್ತು. ಬಂದಿತ್ತಂತೆ. ಅಂಚೆಪೆಟ್ಟಿಗೆಯ ಮೇಲೆ ಹೆಸರಿಲ್ಲವೆಂದು ಹಿಂದಕ್ಕೆ ಹೋಗಿತ್ತು. ಹೆಸರಿನ ಚೀಟಿ ಅಂಟಿಸಿದೆ. ಯಾವ ಹೆಸರು? ಮೂರನ್ನೂ ಬರೆದೆ. ಟೋಕಿಯೊದ ನಿಶಿ-ಕಸಾಯಿ ಬಡಾವಣೆಯ ನಮ್ಮ ಕಟ್ಟಡದಲ್ಲಿ ಆ ಒಂದು ಕೋಣೆಯಲ್ಲಿ ಮೂವರು ಅಣ್ಣತಮ್ಮಂದಿರು ಇದ್ದಾರೆಂದು ಪಕ್ಕದ ಮನೆಯ ಅಜ್ಜಿ ನಂಬಿದ್ದಾರೆ.

ಇನ್ನು ಟಿವಿ. ಇಲ್ಲಿ ಎಲ್ಲ ಬಾಗಿಲೂ ತೆರೆದಿದೆ.

ಊರಿಗೆ ಹೊರಟಿದ್ದ ಗೆಳೆಯನೊಬ್ಬ ತನ್ನ ಟಿವಿಯನ್ನು ಪುಕ್ಕಟೆ ಕೊಟ್ಟ. ಅಷ್ಟು ಉದಾರಿ ಅವನಲ್ಲ. ಕಾರಣ ಆಮೇಲೆ ತಿಳಿಯಿತು. ಜಪಾನಿನಲ್ಲಿ ಹಳೆ ಟಿವಿಯನ್ನು ಕಸಕ್ಕೆ ಹಾಕುವಂತಿಲ್ಲ. 2001ರಿಂದ ಜಾರಿಯಲ್ಲಿರುವ ಕಾನೂನಿನಂತೆ ಮರುಬಳಕೆ ಶುಲ್ಕ ತೆತ್ತು ಸಾಗಹಾಕಬೇಕು. ಮನೆಯಲ್ಲೇ ಇಟ್ಟುಕೊಂಡರೆ 1950ರ ಪ್ರಸಾರ ಕಾನೂನು. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ಪ್ರಸಾರ ಹಿಡಿಯಬಲ್ಲ ಯಂತ್ರ ಇಟ್ಟವರೆಲ್ಲ ಆ ಸಂಸ್ಥೆಯ ಜೊತೆ ಕರಾರು ಮಾಡಿಕೊಳ್ಳಲೇಬೇಕು. ನೋಡುತ್ತೀರಾ ಎಂದು ಕೇಳುವುದಿಲ್ಲ. ಭಾಷೆ ಬರುತ್ತದೆಯೇ ಎಂದು ಕೇಳುವುದಿಲ್ಲ. 2023ರ ಅಕ್ಟೋಬರಿನಿಂದ ತಿಂಗಳಿಗೆ 1,100 ಯೆನ್. ಉಪಗ್ರಹದ ಚಾನೆಲ್ ಸೇರಿದರೆ 1,950. ಅದೇ ವರ್ಷದಿಂದ ತಪ್ಪಿಸಿಕೊಂಡವರಿಗೆ ಬಾಕಿಯ ಮೇಲೆ ಅದರ ಎರಡು ಪಟ್ಟು ದಂಡ.

ಇದು ಸರಿಯೇ ಎಂದು ಕೇಳಿದವರಿಗೆ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸರಿ ಎಂದಿತು. ಎನ್‌ಎಚ್‌ಕೆ ಮಾತ್ರ ಬಾರದಂತೆ ಸೋಸುವ ಸಾಧನ ಜೋಡಿಸಿದ ಟಿವಿ ಇಟ್ಟಿದ್ದ ಮಹಿಳೆಯೊಬ್ಬರು ಕೋರ್ಟಿಗೆ ಹೋದರು. 2021ರಲ್ಲಿ ಅವರೂ ಸೋತರು. ಟಿವಿ ಹಿಡಿಯುವ ಮೊಬೈಲ್ ಕೂಡ ಟಿವಿಯೇ ಎಂದು 2019ರಲ್ಲೇ ತೀರ್ಮಾನವಾಗಿತ್ತು. ಅದೇ ವರ್ಷ ಎನ್‌ಎಚ್‌ಕೆಯನ್ನು ಒಡೆದುಹಾಕುತ್ತೇವೆ ಎಂಬ ಒಂದೇ ಘೋಷಣೆಯ ಪಕ್ಷವೊಂದು ಮೇಲ್ಮನೆಗೆ ಒಂದು ಸ್ಥಾನ ಗೆದ್ದಿತು. ಎನ್‌ಎಚ್‌ಕೆ ಒಡೆಯಲಿಲ್ಲ. ಟ್ಯೂನರ್ ಇಲ್ಲದ ಟಿವಿಗಳು ಅಂಗಡಿಗೆ ಬಂದವು. ಟಿವಿ ಬರುವುದಿಲ್ಲ ಎಂಬುದೇ ಆ ಟಿವಿಯ ದೊಡ್ಡ ಗುಣ.

ನಮ್ಮಲ್ಲೂ ರೇಡಿಯೊಗೆ ಲೈಸೆನ್ಸ್ ಪುಸ್ತಕ ಇತ್ತು. ಅಪ್ಪ ಅಂಚೆ ಕಚೇರಿಯಲ್ಲಿ ಸಾಲು ನಿಂತು ದುಡ್ಡು ಕಟ್ಟಿ ಮುದ್ರೆ ಹೊಡೆಸಿಕೊಂಡು ಬರುತ್ತಿದ್ದರು. ಎಂಬತ್ತರ ದಶಕದಲ್ಲಿ ನಾವು ಅದನ್ನು ಬಿಟ್ಟೆವು. ಹಾಗಂತ ಬೀಗಬೇಕಿಲ್ಲ. ಬೆಂಗಳೂರಿಗೆ ಬಂದಿಳಿದ ಜಪಾನಿಯೊಬ್ಬ ಸಿಮ್ ಕೊಳ್ಳಲು ಹೋಗಿ, ಒಟಿಪಿ ಬರಲು ಇನ್ನೊಂದು ಭಾರತದ ನಂಬರು ಬೇಕು ಅನ್ನಿಸಿಕೊಂಡರೆ ಅವನೂ ಇಂಥದೇ ಲೇಖನ ಬರೆದಾನು.

ನನ್ನನ್ನು ಕೆರಳಿಸುವುದು ಶುಲ್ಕವಲ್ಲ. ಸಾರ್ವಜನಿಕ ಪ್ರಸಾರಕ್ಕೆ ಜನ ದುಡ್ಡು ಕೊಡಲಿ. ಆದರೆ ಫೋನಿಗೆ ನಾನು ಅನುಮಾನಿತ, ಬ್ಯಾಂಕಿಗೆ ಅನಿವಾಸಿ. ವೀಸಾ ಒಂದು ವರ್ಷದ್ದು, ಕಂತು ಎರಡು ವರ್ಷದ್ದು ಎಂದು ಹ್ಯಾಂಡ್‌ಸೆಟ್ಟನ್ನು ಸಾಲವಾಗಿಯೂ ಕೊಡಲಿಲ್ಲ. ಟಿವಿ ಶುಲ್ಕದ ಕರಾರಿಗೆ ಆರು ತಿಂಗಳ ನಿಯಮವಿಲ್ಲ, ವೀಸಾದ ಉದ್ದ ಅಳೆಯುವುದಿಲ್ಲ, ಮೊಹರೂ ಬೇಡ. ವಿವರಣೆ ಇಂಗ್ಲಿಷಿನಲ್ಲೂ ಸಿಗುತ್ತದೆ. ಈ ದೇಶದಲ್ಲಿ ನನ್ನನ್ನು ಮರುಮಾತಿಲ್ಲದೆ ನಿವಾಸಿ ಎಂದು ಒಪ್ಪಿದ್ದು ಗೆಳೆಯನ ಹಳೆ ಟಿವಿ ಒಂದೇ.

ಈ ವಾರ ಎರಡು ಲಕೋಟೆ ಬಂದಿವೆ. ಒಂದು ಬ್ಯಾಂಕಿನದು. ಸುರಿನಿವಾಸು ಸಾಮಾ, ನಿಮ್ಮ ನಿವಾಸ ಕಾರ್ಡಿನ ಅವಧಿ ಮುಗಿಯುತ್ತಿದೆ, ಹೊಸದರ ಪ್ರತಿ ಕಳಿಸದಿದ್ದರೆ ಖಾತೆಯ ವ್ಯವಹಾರ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ಟಿವಿಯ ಬಿಲ್ಲು. ಅದರಲ್ಲಿ ಕಾರ್ಡಿನ ಮಾತೇ ಇಲ್ಲ.