ವೂಫರಣ್ಣನ ಕಿವಿ

ಕೊಳ್ಳೇಗಾಲದಲ್ಲಿ ವೂಫರಣ್ಣನವರ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಷ್ಟೇ ಉಳಿದಿದೆ. ಪೋಸ್ಟ್‌ಮನ್ ಕೂಡ ಅದನ್ನು ಮರೆತು ಬಹಳ ದಿನವಾಯಿತು. ದೇವಾಂಗಪೇಟೆಯಲ್ಲಿ ನಿಂತು ಅವರ ಮನೆ ಕೇಳಿ ನೋಡಿ. ಯಾವ ಹುಡುಗನಾದರೂ "ಒಳಗ ಗೋಡಗ ಚಂದ್ರಂಕಿ ನೇತಾಕವ್ರಲ್ಲ, ಅದೇ ಮನ" ಎಂದು ಕೈ ತೋರಿಸುತ್ತಾನೆ. ಚಂದ್ರಂಕಿ ಎಂದರೆ ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಹೆಣೆದಿರುತ್ತಾರೆ. ಹುಳುಮನೆಯಲ್ಲಿ ಇರಬೇಕಾದ ವಸ್ತು. ವೂಫರಣ್ಣನವರ ಮನೆಯಲ್ಲಿ ಒಂದು ಹುಳುವೂ ಇಲ್ಲ. ಇರುವುದೆಲ್ಲ ತಲೆಯಲ್ಲಿ.

"ಸದ್ದು ಗೋಡೆಗೆ ಬಡಿದು ಚೆಂಡಿನ ಥರ ವಾಪಸು ಬರಬಾರದು ಕಣಪ್ಪ, ನಾಕು ಕಡೆ ಚೆದುರಬೇಕು. ಬೆಂಗಳೂರಲ್ಲಿ ಇದಕ್ಕೇ ಅಂತ ಉಬ್ಬುತಗ್ಗಿನ ಹಲಗೆ ಮಾರ್ತಾರೆ, ಸಾವಿರಗಟ್ಟಲೆ. ಇದು ನಮ್ಮ ಬಾವಮೈದನ ಅಟ್ಟದಲ್ಲಿ ಇಲಿ ಕಡೀತಾ ಬಿದ್ದಿತ್ತು. ಬಿಟ್ಟಿ."

ಒಪ್ಪಿಕೊಳ್ಳಲು ನನಗೆ ಸ್ವಲ್ಪ ಸಂಕಟವೇ, ಆದರೂ ಹೇಳಿಬಿಡುತ್ತೇನೆ: ಚಂದ್ರಂಕಿ ಹಾಕಿದ ಮೇಲೆ ಆ ಕೋಣೆಯ ಗುಂಯ್‌ಗುಟ್ಟುವಿಕೆ ನಿಜವಾಗಿಯೂ ಕಡಿಮೆಯಾಗಿದೆ.

ಈ ಜಾತಿಯ ಮನುಷ್ಯರು ನಿಮ್ಮ ಊರಿನಲ್ಲೂ ಒಬ್ಬರಾದರೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಯಾರ ಮನೆಯ ಹೊಸ್ತಿಲು ದಾಟಿದರೂ ಕೂರುವ ಮೊದಲು ಒಂದು ಚಪ್ಪಾಳೆ ಹೊಡೆದು, ತಲೆ ಓರೆ ಮಾಡಿ ಮಾರ್ದನಿ ಆಲಿಸುತ್ತಾರೆ. ಗೃಹಪ್ರವೇಶದಲ್ಲಾದರೆ ಮನೆಯವರು ಮೆಚ್ಚುಗೆ ಎಂದುಕೊಂಡು ಬೀಗುತ್ತಾರೆ. ಒಮ್ಮೆ ಅಭ್ಯಾಸಬಲದಿಂದ ಸಾವಿನ ಮನೆಯಲ್ಲೂ ಹೊಡೆದುಬಿಟ್ಟರು. ಹನ್ನೊಂದರ ದಿನ ಆ ಮನೆಯವರು ಇವರಿಗೆ ಎಲೆ ಹಾಕಲಿಲ್ಲ. ವೂಫರಣ್ಣನವರಿಗೆ ಅದರ ಬೇಸರವಿಲ್ಲ. "ಹಾಲು ಚೆನ್ನಾಗಿದೆ, ಪರದೆ ಹಾಕಿದ್ರೆ ಇನ್ನೂ ಚೆನ್ನಾಗಿರುತ್ತೆ" ಎಂದು ಇವತ್ತಿಗೂ ಹೇಳುತ್ತಾರೆ.

ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಅವರದು. ಹಾಗಾಗಿ ಸ್ಟೀರಿಯೊ ಕಟ್ಟುವುದಕ್ಕೂ ಒಂದು ಲೆಕ್ಕದ ಪುಸ್ತಕವಿದೆ. ಒಟ್ಟು ಖರ್ಚು 9,000 ರೂಪಾಯಿ. ಮನೆಯಲ್ಲಿ ಹೇಳಿದ್ದು 4,500. ಮಿಕ್ಕಿದ್ದು 'ಇತರೆ'. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರಿಗೇ ಹೋಗಬೇಕು ಎಂಬುದು ಅವರ ಮೊದಲ ಸೂತ್ರ. ಹಾಡು ಹೊರಡುವುದು ಹಳೆಯ ಮೊಬೈಲಿನಿಂದ, ಅದಕ್ಕೆ ದುಡ್ಡಿಲ್ಲ. ತಂತಿ ಎಂದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಮಾಮೂಲಿ ತಾಮ್ರದ ವೈರು. ಅದಕ್ಕೆ ಚಿನ್ನದ ಲೇಪ ಬೇಕೆನ್ನುವವರನ್ನು ಕಂಡರೆ ವೂಫರಣ್ಣನವರಿಗೆ ಆಗುವುದಿಲ್ಲ. ಆಂಪ್ಲಿಫೈಯರಿಗೆ 4440 ಎಂಬ ಐಸಿ. ರಿಪೇರಿ ಅಂಗಡಿಗಳಲ್ಲಿ ಇದರ ಹೆಸರು ಹೇಳಿದರೆ ನೆಂಟರ ಹೆಸರು ಕೇಳಿದಂತೆ ಮುಖ ಅರಳುತ್ತದೆ. ಸ್ಟೀರಿಯೊದಲ್ಲಿ ಒಂದೊಂದು ಕಡೆಗೆ 6 ವ್ಯಾಟ್, ಎರಡನ್ನೂ ಕೂಡಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ 19 ವ್ಯಾಟ್.

ಈ ಆರು ವ್ಯಾಟು ಕೇಳಿ ನಕ್ಕವರು ಅವರ ಬಾವಮೈದ, ಹನೂರಿನಲ್ಲಿ ಮೈಕ್‌ಸೆಟ್ಟು ಇಟ್ಟುಕೊಂಡಿರುವವರು. ಹನೂರಿನ ಗಣಪತಿ, ಸುತ್ತಲ ಹಳ್ಳಿಗಳ ಮಾರಿಹಬ್ಬ, ಮದುವೆ, ಚುನಾವಣೆ ಎಲ್ಲಕ್ಕೂ ಅವರದೇ ಬಾಕ್ಸು. "ಬಾವ, ಆರು ವ್ಯಾಟು ಸೊಳ್ಳೆಗೂ ಕೇಳಾಕಿಲ್ಲ" ಎಂದರು. ತೊಂಬತ್ತರ ದಶಕದಲ್ಲಿ ಅವರು ಮದುವೆಗೆ ಬಳುವಳಿಯಾಗಿ ಪಡೆದ ಟೇಪ್‌ರೆಕಾರ್ಡರಿನ ಮೇಲೆ '2000 ವ್ಯಾಟ್ ಪಿಎಂಪಿಒ' ಎಂದು ಬೆಳ್ಳಿಯ ಅಕ್ಷರಗಳಲ್ಲಿ ಬರೆದಿತ್ತು. ಆರು ಟಾರ್ಚ್ ಸೆಲ್ಲಿನಲ್ಲಿ ಓಡುವ ಯಂತ್ರ ಎರಡು ಸಾವಿರ ವ್ಯಾಟು ಎಲ್ಲಿಂದ ತರುತ್ತದೆ ಎಂದು ಮದುವೆಮನೆಯಲ್ಲಿ ಯಾರೂ ಕೇಳಲಿಲ್ಲ. ಬಳುವಳಿಯ ಬಗ್ಗೆ ಅಂಥ ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ವೂಫರಣ್ಣನವರು ಸ್ಲೇಟು ತೆಗೆದರು. ವ್ಯಾಟು ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ 'ಈಗ ಎರಡರಷ್ಟಾಯಿತು' ಅನ್ನಿಸಬೇಕಾದರೆ ಹತ್ತುಪಟ್ಟು ವ್ಯಾಟು ಬೇಕು. ಅಂದರೆ 6ರಿಂದ 60ಕ್ಕೆ ಹೋದರೆ ಎರಡರಷ್ಟು, 600ಕ್ಕೆ ಹೋದರೆ ನಾಲ್ಕರಷ್ಟು. "ನೂರು ಪಟ್ಟು ದುಡ್ಡು, ನಾಕು ಪಟ್ಟು ಸದ್ದು. ಯಾವ ಸೀಮೆ ವ್ಯಾಪಾರ ಇದು?" ಎಂದು ಸವಾಲು ಹಾಕಿದರು. ಬಾವಮೈದ ಸ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿ, "ಲೆಕ್ಕ ಸರಿಯದ ಬಾವ, ಆದ್ರ ಗಣಪತಿ ಮುಂದ ಹುಡುಗರು ಲೆಕ್ಕಕ್ಕ ಕುಣಿಯಾಕಿಲ್ಲ" ಎಂದರು. ಇದಕ್ಕೆ ಇವತ್ತಿನವರೆಗೂ ವೂಫರಣ್ಣನವರಲ್ಲಿ ಉತ್ತರವಿಲ್ಲ.

ಈ ಜಗಳಕ್ಕೆ ಯಳಂದೂರಿನಿಂದ ಮೂರನೆಯವರೊಬ್ಬರು ಆಗಾಗ ಬರುತ್ತಾರೆ, ವಾಲ್ವ್ ರೇಡಿಯೊದ ಯಜಮಾನರು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರಿನವರಾದ್ದರಿಂದ ಅವರ ಮಾತಿನಲ್ಲಿ ಇವತ್ತಿಗೂ ಸ್ವಲ್ಪ ಜಹಗೀರುದಾರಿಕೆ ಇದೆ. ಅವರ ರೇಡಿಯೊದ ವಾಲ್ವು ಬಿಸಿಯಾಗಿ ಬಾಯಿ ಬಿಡುವಷ್ಟರಲ್ಲಿ ಪ್ರದೇಶ ಸಮಾಚಾರ ಅರ್ಧ ಮುಗಿದಿರುತ್ತದೆ. "ಎಂ.ವಿ. ಗೋಪಾಲಸ್ವಾಮಿಗಳು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಶುರುಮಾಡಿದ್ದು 30 ವ್ಯಾಟಿನಲ್ಲಿ. ಒಂದು ಪಟ್ಟಣಕ್ಕೇ ಮೂವತ್ತು ಸಾಕಾಯಿತು, ನಿಮಗೆ ಒಂದು ಹಾಲಿಗೆ ಎಷ್ಟು ಬೇಕಯ್ಯಾ?" ಎಂದು ಅವರ ವಾದ. ಪ್ರಸಾರದ ವ್ಯಾಟೇ ಬೇರೆ, ಸ್ಪೀಕರಿನ ವ್ಯಾಟೇ ಬೇರೆ ಎಂದು ನಾನು ಹೇಳಹೊರಟೆ. ಮೂವರೂ ಸೇರಿ ನನ್ನ ಬಾಯಿ ಮುಚ್ಚಿಸಿದರು. ಅವರು ಒಗ್ಗಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪೆಟ್ಟಿಗೆ ಕಟ್ಟುವುದಕ್ಕೆ ಬರೋಣ. ಪ್ಲೈವುಡ್ ಡಬ್ಬ ಬರಿದಾಗಿದ್ದರೆ ಸದ್ದು ಒಳಗೇ ಸುತ್ತಿ ಬೊಬ್ಬಿಡುತ್ತದೆ, ಒಳಗೆ ಏನಾದರೂ ಮೆತ್ತಗಿನದು ತುಂಬಬೇಕು. ಲೋಕದ ಬೇರೆ ಕಡೆ ದಿಂಬಿನ ಹತ್ತಿ ತುಂಬುತ್ತಾರೆ. ವೂಫರಣ್ಣನವರು ಊರಿನ ಅಭಿಮಾನಕ್ಕೆ ಬಿದ್ದು, ನೂಲು ಬಿಚ್ಚುವವರ ಹತ್ತಿರ ಉಳಿಯುವ ರೇಷ್ಮೆ ಕಸವನ್ನು ತಂದು ತುಂಬಿದರು. ಕಸದೊಳಗೆ ಬೆಂದ ಹುಳುವಿನ ಚೂರುಗಳೂ ಇದ್ದವು. ಬೆಂದ ರೇಷ್ಮೆ ಹುಳುವಿನ ವಾಸನೆ ಗೊತ್ತಿಲ್ಲದವರಿಗೆ ವಿವರಿಸಲಾಗದು, ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಮೊದಲ ವಾರ ಬೇಸ್ ಬಂದಾಗಲೆಲ್ಲ ಪೆಟ್ಟಿಗೆಯ ತೂತಿನಿಂದ ಗಾಳಿಯ ಜೊತೆ ಆ ವಾಸನೆಯೂ ಹೊರಗೆ ನೂಕಿ ಬರುತ್ತಿತ್ತು. ಮೃದಂಗ ಕೇಳಿದರೆ ಮೂಗು ಮುಚ್ಚಿಕೊಳ್ಳುವ ಅಭ್ಯಾಸ ನನಗೆ ಹತ್ತಿದ್ದು ಆಗಲೇ. ಎರಡನೆಯ ವಾರ ಇರುವೆ ಬಂದವು, ಮೂರನೆಯ ವಾರ ಹೆಗ್ಗಣ. ಈಗ ದಿಂಬಿನ ಹತ್ತಿಯೇ ಇದೆ. ಅತಿಥಿಗಳಿಗೆ ಮಲಗಲು ದಿಂಬಿಲ್ಲ.

ಇದಾದ ಮೇಲೆ ನಡೆದದ್ದು ಟ್ವೀಟರ್ ಪ್ರಕರಣ. ಮೇಲಿನ ಸ್ವರಗಳನ್ನು ಹೊರಡಿಸುವ ಈ ಚಿಕ್ಕ ಸ್ಪೀಕರಿನ ನಡುವೆ ಒಂದಂಗುಲದ ಗುಮ್ಮಟವಿರುತ್ತದೆ. ಅದನ್ನು ನೋಡಿದ ಯಾವ ಮಗುವೂ ಒತ್ತದೆ ಬಿಟ್ಟ ಉದಾಹರಣೆ ಇಲ್ಲ. ಮೊಮ್ಮಗ ಒತ್ತಿದ. ಗುಮ್ಮಟ ಒಳಗೆ ಹೋಯಿತು. ಸೆಲ್ಲೋಟೇಪು ಅಂಟಿಸಿ ಮೆಲ್ಲಗೆ ಎಳೆದರೆ ಮತ್ತೆ ಉಬ್ಬುತ್ತದೆ ಎನ್ನುತ್ತಾರೆ. ಇವರು ಎಳೆದಾಗ ಗುಮ್ಮಟವೇ ಟೇಪಿಗಂಟಿಕೊಂಡು ಬಂತು. ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದ ವೂಫರಣ್ಣನವರು ಕುಣಿದುಬಿಟ್ಟರು. ಒಳ್ಳೆಯ ಟ್ವೀಟರುಗಳ ಗುಮ್ಮಟ ರೇಷ್ಮೆ ಬಟ್ಟೆಯದು! ಬಟ್ಟೆಗೆ ತೆಳ್ಳಗೆ ಅಂಟು ಬಳಿದಿರುತ್ತಾರೆ, ಅಷ್ಟೇ. ಲೋಹದ ಗುಮ್ಮಟದಷ್ಟು ಕಿರುಚುವುದಿಲ್ಲ. ಕೊಳ್ಳೇಗಾಲದಲ್ಲಿ ಕೂತು ರೇಷ್ಮೆಗೆ ಪರದಾಡುವುದುಂಟೇ?

ಬಟ್ಟೆ ಬೇಕಾದದ್ದು ಒಂದೊಂದಂಗುಲದ ಎರಡು ಬಿಲ್ಲೆ. ಕೆಟ್ಟದ್ದು ಒಂದೇ ಟ್ವೀಟರಾದರೂ ಎರಡು ಕಡೆಯೂ ಒಂದೇ ಥರ ಕೇಳಬೇಕಲ್ಲ! ಅಂಗಡಿಯಲ್ಲಿ ಅಷ್ಟು ಚಿಕ್ಕದು ಕೊಡುವುದಿಲ್ಲ. ಬೀರುವಿನಲ್ಲಿ ಹೆಂಡತಿಯ ಧಾರೆ ಸೀರೆ ಇತ್ತು. ಮಾವನವರು ಮಗಳ ಮದುವೆಗೆಂದು ತಮ್ಮ ಮಗ್ಗದಲ್ಲೇ ನೇಯ್ದದ್ದು. ಸೊಂಟದೊಳಗೆ ಸಿಕ್ಕಿಸುವ ತುದಿಯಲ್ಲಿ ಎರಡು ಗುಂಡು ತೆಗೆದರೆ ಯಾರಿಗೆ ಕಾಣುತ್ತದೆ? ತೆಗೆದರು. ಗಂಜಿ ಹಾಕಿ, ವಾರ್ನಿಷ್ ಬಳಿದು, ಗೋಲಿಯ ಮೇಲೆ ಮೆತ್ತಿ ಉಬ್ಬಿಸಿ ಅಂಟಿಸಿದರು. ನೋಡಲು ಎರಡು ಕುಂಕುಮದ ಬೊಟ್ಟಿನಂತೆ ಚೆಂದವಿತ್ತು. ಒಂದು ಟ್ವೀಟರ್ ಉಸಿರೇ ಎತ್ತಲಿಲ್ಲ. ಇನ್ನೊಂದು ಹಾಡಿತು, ಆದರೆ ಎಲ್ಲೋ ಒಂದೆಳೆ ಜರಿ ಸೇರಿತ್ತೆಂದು ಕಾಣುತ್ತದೆ, ಪ್ರತಿ ಹಾಡಿನ ಹಿಂದೆಯೂ ಯಾರೋ ಸೀರೆ ಉಟ್ಟುಕೊಂಡು ಸರಬರ ಓಡಾಡಿದಂತೆ ಕೇಳುತ್ತಿತ್ತು.

ನಾದಿನಿಯ ಮಗಳ ಮದುವೆಗೆ ಸೀರೆ ಹೊರಗೆ ಬಂದಾಗ ವಿಷಯವೂ ಹೊರಗೆ ಬಂತು. ಆಕೆ ಬೈಯಲಿಲ್ಲ. ಎರಡು ತೂತಿನಿಂದ ಗಂಡನನ್ನು ಬೈನಾಕ್ಯುಲರಿನಲ್ಲಿ ನೋಡುವಂತೆ ನೋಡಿ, "ನಮ್ಮಪ್ಪ ಇದನ್ನ ನೇಯುವಾಗ ಲಾಳಿ ಸದ್ದೇ ಇದಕ್ಕಿಂತ ಚೆನ್ನಾಗಿ ಕೇಳ್ತಿತ್ತು ಕಣ್ರೀ" ಎಂದರು. ಆಮೇಲೆ ಮೂರು ದಿನ ಮನೆಯಲ್ಲಿ ಎಂಥ ನಿಶ್ಶಬ್ದ ಎಂದರೆ, ವೂಫರಣ್ಣನವರೇ ನನ್ನ ಹತ್ತಿರ ಬಂದು, "ಇಷ್ಟು ಕಮ್ಮಿ ನಾಯ್ಸು ಯಾವ ಸ್ಟುಡಿಯೋದಲ್ಲೂ ಸಿಗಲ್ಲಪ್ಪ" ಎಂದು ನಿಟ್ಟುಸಿರಿಟ್ಟರು. ಹೊಸ ಟ್ವೀಟರಿನ ಜೋಡಿ 'ಇತರೆ' ಕಲಮಿಗೆ ಹೋಯಿತು. ಹೊಸ ಸೀರೆ ಯಾವ ಕಲಮಿಗೆ ಹೋಯಿತೋ ತಿಳಿಯದು.

ಉಳಿದದ್ದು ಗುಂಯ್ ಎನ್ನುವ ಕರೆಂಟಿನ ಸದ್ದು. ಸೆಕೆಂಡಿಗೆ ಐವತ್ತು ಸಲ ನಡುಗುವ ನಮ್ಮ ಕರೆಂಟು ಆಂಪ್ಲಿಫೈಯರಿಗೆ ನುಗ್ಗಿ ದುಂಬಿಯಂತೆ ಹಾಡುತ್ತಿತ್ತು. ಇದರಲ್ಲಿ ವೂಫರಣ್ಣನವರಿಗೆ ಐತಿಹಾಸಿಕ ಅನ್ಯಾಯವೂ ಕಾಣುತ್ತದೆ. ಶಿವನಸಮುದ್ರ ಇಲ್ಲೇ ಮಗ್ಗುಲಲ್ಲಿದೆ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ನಮ್ಮ ಕಡೆ ತಿರುಗಿಯೂ ನೋಡದೆ ಸುಮಾರು 150 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. "ಚಿನ್ನ ಅವರಿಗೆ, ಗುಂಯ್ ನಮಗೆ" ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರನ್ನು ಬೋರ್ಡಿನಿಂದ ದೂರ ಇಟ್ಟರು, ಅರ್ತಿನ ತಂತಿಗಳನ್ನೆಲ್ಲ ಒಂದೇ ಕಡೆ ಬೆಸೆದರು. ಅರ್ಧ ಇಳಿಯಿತು. 4440 ಮೂಲತಃ ಕಾರಿನ ಸ್ಟೀರಿಯೊಗೆ ಹೊಂದುವ ಐಸಿ, 12 ವೋಲ್ಟಿನ ಬ್ಯಾಟರಿ ಸಾಕು ಎಂಬುದು ಹೊಳೆದದ್ದೇ ತಡ, ಸ್ಕೂಟರಿನ ಬ್ಯಾಟರಿ ಬಿಚ್ಚಿದರು. ಗುಂಯ್ ಮಾಯ! ಅಂಥ ಶುದ್ಧ ಸದ್ದನ್ನು ನಾನು ಆ ದುಡ್ಡಿಗೆ ಬೇರೆಲ್ಲೂ ಕೇಳಿಲ್ಲ. ಮಾರನೆಯ ದಿನ ಸ್ಕೂಟರ್ ತಳ್ಳಿಕೊಂಡು ಆಫೀಸಿಗೆ ಹೋದರು. ಮನೆಯವರ ಆಜ್ಞೆಯಂತೆ ಬ್ಯಾಟರಿ ಮತ್ತೆ ಸ್ಕೂಟರಿಗೆ ಮರಳಿದೆ.

ಇಷ್ಟೆಲ್ಲ ಮಾಡಿ ಅವರು ಕೇಳುವುದೇನು? 'ಜೀವನ ಚೈತ್ರ'ದ ಹಾಡು, ರಾಜ್‌ಕುಮಾರ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಅದರ ಮೊದಲ ನಲವತ್ತು ಸೆಕೆಂಡು. ಅಷ್ಟರಲ್ಲಿ ಎದ್ದು ಹೋಗಿ ಬಲಗಡೆಯ ಪೆಟ್ಟಿಗೆಯನ್ನು ಅರ್ಧ ಇಂಚು ತಿರುಗಿಸಿ, ಮತ್ತೆ ಮೊದಲಿಂದ. ಅಣ್ಣಾವ್ರು ಆ ಮನೆಯಲ್ಲಿ ಇದುವರೆಗೆ ಒಂದು ಚರಣ ಮುಗಿಸಿಲ್ಲ. 2000ದಲ್ಲಿ ಗಾಜನೂರಿನಿಂದ ಅವರ ಅಪಹರಣವಾಗಿ 108 ದಿನ ಕಾಡಿನಲ್ಲಿದ್ದಾಗ ಈ ಸೀಮೆಯೆಲ್ಲ ಉಸಿರು ಬಿಗಿಹಿಡಿದಿತ್ತು. ವೀರಪ್ಪನ್ ಕ್ಯಾಸೆಟ್ ಕಳಿಸಿದ ಸುದ್ದಿ ಬಂದಾಗ, ಅದರಲ್ಲಿ ಏನಿದೆಯೋ ಎಂದು ಎಲ್ಲರೂ ಕಾತರದಿಂದಿದ್ದರೆ ಇವರು ಮಾತ್ರ, "ಕಾಡಿನ ತೇವಕ್ಕೆ ಟೇಪು ಬೂಷ್ಟು ಹಿಡಿದಿರುತ್ತೆ, ಹೆಡ್ ಒರೆಸಿ ಹಾಕಿದರೋ ಇಲ್ಲವೋ" ಎಂದು ಚಡಪಡಿಸುತ್ತಿದ್ದರು. ಊಟ ಮಾತ್ರ ಅವರೂ ಸರಿಯಾಗಿ ಮಾಡಿರಲಿಲ್ಲ.

ಕುರ್ಚಿಯ ವಿಷಯ ಬಿಟ್ಟೆ. ಎರಡು ಸ್ಪೀಕರು, ಒಂದು ಕುರ್ಚಿ ಸೇರಿ ಸರಿಯಾದ ತ್ರಿಕೋನವಾಗಬೇಕು. ಟ್ವೀಟರ್ ಕಿವಿಯ ಎತ್ತರಕ್ಕಿರಬೇಕು. ನೆಲದ ಮೇಲೆ ಕೆಂಪು ಪೇಂಟಿನಲ್ಲಿ ಮೂರು ಗುರುತಿವೆ, ಸಾರಿಸುವವರು ಮುಟ್ಟುವಂತಿಲ್ಲ. ಆ ಕುರ್ಚಿ ಸರಿಸಿದವರಿಗೆ ಆ ಮನೆಯಲ್ಲಿ ಕಾಫಿ ಇಲ್ಲ. ಅವರು ಮಾತ್ರ ಸರಿಸಬಹುದು. "ದುಡ್ಡಿಲ್ಲದೆ ಸದ್ದು ಸುಧಾರಿಸೋದು ಒಂದೇ ದಾರಿ, ಕೂತ ಜಾಗ ಬದಲಾಯಿಸೋದು" ಎಂದು ಎಲ್ಲರಿಗೂ ಉಪದೇಶಿಸುತ್ತಾರೆ.

ಮೊನ್ನೆ ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಸಂಜೆ ಕರೆಂಟು ಹೋಯಿತು. ನಲವತ್ತು ಸೆಕೆಂಡಿನ ಹಾಡು ಇಪ್ಪತ್ತಕ್ಕೇ ನಿಂತಿತು. ನಾವಿಬ್ಬರೂ ಜಗಲಿಗೆ ಬಂದೆವು. ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುತ್ತಿದ್ದ ಪರಸೆಯೊಂದು ಬೀದಿಯ ಅರಳಿಮರದ ಹತ್ತಿರ ತಂಗಿತ್ತು. ಕಂಸಾಳೆಯವರು ನಾಲ್ವರು ಹಾಡು ಎತ್ತಿದರು. ಕಂಚಿನ ಬಟ್ಟಲಿಗೆ ತಾಳ ತಾಗಿದ ಸದ್ದು ಕತ್ತಲಲ್ಲಿ ಎಷ್ಟು ಹೊತ್ತು ಉಳಿದು, ಎಷ್ಟು ಸಣ್ಣಗೆ ಕರಗುತ್ತಿತ್ತೆಂದರೆ ಬೀದಿಯ ನಾಯಿಗಳೂ ಸುಮ್ಮನಾಗಿದ್ದವು. ವೂಫರಣ್ಣನವರು ಕಣ್ಣು ಮುಚ್ಚಿ ಪೂರ್ತಿ ಒಂದು ಹಾಡು ಕೇಳಿದರು. ನಾನು ಬೆರಗಾದೆ.

ಹಾಡು ಮುಗಿದದ್ದೇ ಎದ್ದು ಹೋಗಿ ಕೈಮುಗಿದು, ಎಡಗಡೆ ನಿಂತಿದ್ದ ಹಿರಿಯರಿಗೆ ಹೇಳಿದರು: "ಸ್ವಾಮಿ, ತಪ್ಪು ತಿಳ್ಕೋಬೇಡಿ. ನೀವೊಂದು ಹೆಜ್ಜೆ ಹಿಂದಕ್ಕೆ ಹೋದರೆ ಎಡ ಬಲ ಸಮ ಆಗುತ್ತೆ."

ಮುದುಕರು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾವ್ಯಾಕ ಹಿಂದಕ್ಕ ಹೋಗ್ಮು ಬುದ್ಧಿ? ನೀವೇ ಒಸಿ ಆಚಗ ನಿಂತ್ಕಳಿ."

ವೂಫರಣ್ಣನವರು ಒಂದು ಹೆಜ್ಜೆ ಬಲಕ್ಕೆ ಸರಿದರು. ತಲೆ ಓರೆ ಮಾಡಿದರು. ಇನ್ನೊಂದು ಅರ್ಧ ಹೆಜ್ಜೆ.

"ಈಗ ಸರಿ. ಸುರು ಮಾಡಿ."