ರೀಚಾರ್ಜ್‌ಮಾನ ಪಂಚಾಂಗ: ಒಂದು ಪ್ರಾಥಮಿಕ ಜಿಜ್ಞಾಸೆ

ನಮ್ಮ ಕಾಲಗಣನೆಯಲ್ಲಿ ಸೌರಮಾನ, ಚಾಂದ್ರಮಾನ ಎಂಬ ಎರಡು ಪಂಥಗಳಿವೆ ಎಂಬುದು ಯುಗಾದಿ ಯಾವತ್ತೆಂದು ವಾದ ಮಾಡಿದವರಿಗೆಲ್ಲ ಗೊತ್ತು. ಮೂರನೆಯದಾದ ರೀಚಾರ್ಜ್‌ಮಾನ ಮಾತ್ರ ವಿದ್ವಾಂಸರ ಅವಜ್ಞೆಗೆ ಗುರಿಯಾಗಿದೆ. ಇದರ ಪ್ರಕಾರ ತಿಂಗಳೆಂದರೆ 28 ದಿನ. ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ, ನಾಕ್ಷತ್ರಮಾಸಕ್ಕೆ ಇಪ್ಪತ್ತೇಳು ಚಿಲ್ಲರೆ. ಆಕಾಶದಲ್ಲೆಲ್ಲೂ ಆಧಾರವಿಲ್ಲದ ಈ 28 ಬಂದದ್ದೆಲ್ಲಿಂದ? ‘ನಾಲ್ಕು ವಾರ ತಾನೆ’ ಎಂಬುದು ಮೊಬೈಲ್ ಕಂಪನಿಪಕ್ಷದ ಭಾಷ್ಯ. ಗಿರಾಕಿಯ ಮತವೂ ಕಂಪನಿಯ ಮತವೂ ಕೂಡಿಬರುವುದು ಫೆಬ್ರುವರಿಯಲ್ಲಿ ಮಾತ್ರ. ಅಧಿಕವರ್ಷ ಬಂದರೆ ಅದೂ ಇಲ್ಲ.

ಹದಿಮೂರು ಇಪ್ಪತ್ತೆಂಟ್ಲೆ 364. ಅರ್ಥಾತ್ ವರ್ಷಕ್ಕೆ ಹದಿಮೂರು ರೀಚಾರ್ಜು. ಚಾಂದ್ರಮಾನದವರಿಗೆ ಅಧಿಕಮಾಸ ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ, ರೀಚಾರ್ಜ್‌ಮಾನದವರಿಗೆ ವರ್ಷವರ್ಷವೂ. ಅಲ್ಲಿ ಅಳಿಯನನ್ನು ಕರೆದು ಮೂವತ್ತಮೂರು ಅಪೂಪ ದಾನ ಕೊಡುತ್ತಾರೆ, ಇಲ್ಲಿ ಕಂಪನಿಯೇ ಅಳಿಯ. ದಾನದ ಮೊತ್ತವನ್ನೂ ಹೇಳಬಹುದು: ದಿನಕ್ಕೆ ಒಂದೂವರೆ ಜಿಬಿಯ ಜಿಯೋ ಪ್ಲಾನು 2024ರ ಜುಲೈನಲ್ಲಿ 239ರಿಂದ 299ಕ್ಕೆ ಏರಿತು. ಆದ್ದರಿಂದ ಅಧಿಕಮಾಸದ ದಕ್ಷಿಣೆ 299 ರೂಪಾಯಿ.

ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2022ರ ಜನವರಿಯಲ್ಲಿ ಧರ್ಮನಿರ್ಣಯ ನೀಡಿ, 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವಂಥದ್ದೊಂದು ಪ್ಲಾನು ಇರಲೇಬೇಕೆಂದು ವಿಧಿಸಿತು. ಕಂಪನಿಗಳು ಇಟ್ಟವು. ಹಾಗೆಂದು ಅಂಗಡಿಗೆ ಹೋಗಿ ‘ಒಂದು ತಿಂಗಳದ್ದು ಹಾಕಿ’ ಎಂದು ನೋಡಿ. ಅಂಗಡಿಯವನ ಬೆರಳು ಇಪ್ಪತ್ತೆಂಟರ ಮೇಲೇ ಹೋಗುತ್ತದೆ.

ಡೇಟಾ ವಿಚಾರ ಸಂಕ್ಷಿಪ್ತ. ದ್ರೌಪದಿಯ ಊಟವಾದ ಮೇಲೆ ಅಕ್ಷಯಪಾತ್ರೆ ಅಂದಿಗೆ ಬರಿದು. ಕಂಪನಿಗಳು ಅಷ್ಟು ನಿಷ್ಠುರವಲ್ಲ. ದಿನದ ಪಾಲು ಮುಗಿದ ಮೇಲೂ 64 ಕೆಬಿಪಿಎಸ್‌ನಲ್ಲಿ ಚಕ್ರ ತಿರುಗಿಸುತ್ತಾ ಇರುತ್ತವೆ. ಉಳಿದ ಪಾಲು ಮಧ್ಯರಾತ್ರಿಗೆ ಸದ್ಗತಿ ಪಡೆಯುತ್ತದೆ.

ಇನ್ನು ಪೂರ್ವಪಕ್ಷ. ಬಟನ್ ಫೋನನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡು ಬಂದ ಅಜ್ಜಿಯೊಬ್ಬರು ಕೌಂಟರಿನಲ್ಲಿ ಮಂಡಿಸುವ ವಾದ ಇದು: “ನೆಟ್ಟು ಗಿಟ್ಟು ಬೇಡ ಕಣಪ್ಪಾ, ಮಗಳ ಫೋನ್ ಬಂದ್ರೆ ಸಾಕು.” ಇನ್‌ಕಮಿಂಗ್ ಫ್ರೀ ಆದದ್ದು 2003ರಲ್ಲಿ, ಫ್ರೀಯಾಗಿ ಬರುವ ಕರೆಗೂ ವ್ಯಾಲಿಡಿಟಿ ಇರಬೇಕೆಂಬ ಸೂಕ್ಷ್ಮ ಅಜ್ಜಿಗೆ ಇನ್ನೂ ದಕ್ಕಿಲ್ಲ. ಪ್ರಸ್ತುತ ಲೇಖಕನಿಗೂ ದಕ್ಕಿಲ್ಲ.

ಅಜ್ಜಿಯ ಪಕ್ಷವನ್ನು ಟ್ರಾಯ್ 2024ರ ಡಿಸೆಂಬರಿನಲ್ಲಿ ಎತ್ತಿಹಿಡಿದು, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ಸಿನ ಪ್ಲಾನು ಕೊಡಿ ಎಂದಿತು. ಅದರ ಫಲವಾಗಿ 2025ರ ಆರಂಭದಲ್ಲಿ ಜಿಯೋದಲ್ಲಿ 448ಕ್ಕೆ 84 ದಿನ, 1748ಕ್ಕೆ 336 ದಿನ. ಏರ್‌ಟೆಲ್‌ನಲ್ಲಿ 1849ಕ್ಕೆ 365 ದಿನ. ಇಲ್ಲಿ ಸಿದ್ಧಾಂತ ಒಂದೇ: ಬೆಲೆಯನ್ನು ದಿನದಿಂದ ಭಾಗಿಸತಕ್ಕದ್ದು. 448ರದು ದಿನಕ್ಕೆ 5 ರೂಪಾಯಿ 33 ಪೈಸೆ, 1748ರದು 5.20, 1849ರದು 5.07. ನೂರು ರೂಪಾಯಿ ಜಾಸ್ತಿ ಕಂಡದ್ದೇ ದಿನದ ಲೆಕ್ಕಕ್ಕೆ ಅಗ್ಗ. 299ರದು ಹತ್ತೂವರೆ ದಾಟುತ್ತದೆ. ಮನೆಯಲ್ಲಿ ವೈಫೈ ಇದ್ದೂ ದಿನಕ್ಕೆ ಎರಡು ಜಿಬಿ ಹಾಕಿಸಿಕೊಳ್ಳುವವರ ಬಗ್ಗೆ ಶಾಸ್ತ್ರಕ್ಕೆ ಹೇಳುವುದೇನೂ ಇಲ್ಲ. ಅವರು ದಾನಿಗಳು.

ಅಂಗಡಿಯವನು 336 ದಿನದ್ದನ್ನು ತೋರಿಸಿ, “ವರ್ಷದ್ದೇ ಹಾಕ್ಬಿಡ್ಲಾ ಅಜ್ಜಿ?” ಎಂದ.

ಅಜ್ಜಿ ಬೆರಳು ಮಡಿಸುತ್ತಾ ಲೆಕ್ಕ ಹಾಕಿದರು. “ಉಳಿದ ಇಪ್ಪತ್ತೊಂಬತ್ತು ದಿನ ಮಗಳು ಫೋನ್ ಮಾಡ್ಬಾರ್ದೇನಪ್ಪಾ?”

“ಅಷ್ಟೊತ್ತಿಗೆ ರೇಟೇ ಬೇರೆ ಆಗಿರುತ್ತೆ, ಬಿಡಿ ಅಜ್ಜಿ.”